ಎಡಗೈಯಲ್ಲಿ ಬಡಿಸಿದ ಕ್ವಾರ್ಟರ್‌ಬ್ಯಾಕ್

ಅಮೆರಿಕದಿಂದ ಹಿಂದಿರುಗಿದ ಮೇಲೆ ಬೆಟ್ಟಂಪಾಡಿ, ಕಾಣಿಯೂರು, ಕಡಬಗಳಲ್ಲಿ ನನ್ನನ್ನು ಸಭೆಗಳಿಗೆ ಕರೆದರು. ಎಲ್ಲ ಕಡೆಯೂ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಆಗಿದ್ದವು: ಅಲ್ಲಿನ ಕಟ್ಟಡ ಎಷ್ಟು ಎತ್ತರ, ಅಲ್ಲಿನ ದನ ಎಷ್ಟು ಹಾಲು ಕೊಡುತ್ತದೆ, ಅಲ್ಲಿನವರು ಅನ್ನವಿಲ್ಲದೆ ಹೇಗೆ ಬದುಕುತ್ತಾರೆ. ಕಾಣಿಯೂರಿನ ಹಿರಿಯರೊಬ್ಬರು ಮಾತ್ರ ಎದ್ದು ನಿಂತು, “ಅದೆಲ್ಲ ಪೇಪರಿನಲ್ಲಿ ಬರ್ತದೆ ಮಾಷ್ಟ್ರೆ. ನೀವು ಅಲ್ಲಿ ಒಬ್ಬ ದೊಡ್ಡ ಮನುಷ್ಯನನ್ನು ಕಂಡಿರಾ, ಇಲ್ವಾ? ಅದು ಹೇಳಿ” ಎಂದು ಕೇಳಿದರು.

ಕಂಡೆ. ಅವನಿಗೆ ಹದಿನೆಂಟು ವರ್ಷ. ಅವನು ಮಂತ್ರಿಯಲ್ಲ, ವಿಜ್ಞಾನಿಯಲ್ಲ. ಒಂದು ಹೈಸ್ಕೂಲಿನ ಚೆಂಡಾಟದ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಸ್ಥಾನದಲ್ಲಿ ಆಡುತ್ತಿದ್ದವನು. ಈ ಉತ್ತರ ಸಭೆಗೆ ಹಿಡಿಸಲಿಲ್ಲ. ಹತ್ತು ನಿಮಿಷದಲ್ಲಿ ಅದನ್ನು ಸಮರ್ಥಿಸಲು ನನ್ನಿಂದ ಆಗಲೂ ಇಲ್ಲ. ಕಾಲೇಜಿನ ಚರ್ಚಾಕೂಟಗಳಲ್ಲಿ ಪಕ್ಷ, ಪ್ರತಿಪಕ್ಷ ಎರಡನ್ನೂ ಮಂಡಿಸಿ ಗೆದ್ದ ನನಗೆ ಅಂದಿನ ಸೋಲು ಇನ್ನೂ ಚುಚ್ಚುತ್ತಿರುವುದರಿಂದ, ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಂದಿಳಿದ ದಿನ

ಹಳ್ಳಿಗಳ ಜನ ಪರಸ್ಪರರ ಬದುಕನ್ನು ಕಂಡು ಕಲಿಯಲಿ ಎಂಬ ಉದ್ದೇಶದ ಒಂದು ಯೋಜನೆಯಲ್ಲಿ ನಮ್ಮ ಕಡೆಯಿಂದ ಇಬ್ಬರು ಆಯ್ಕೆಯಾಗಿದ್ದೆವು. ಒಬ್ಬ ನಾನು: ಪುತ್ತೂರಿನ ಹೈಸ್ಕೂಲು ಮಾಸ್ತರ, ವಯಸ್ಕರ ಅಕ್ಷರಾಭ್ಯಾಸದ ಕೆಲಸವನ್ನು ತಲೆಗೆ ಹಚ್ಚಿಕೊಂಡವನು. ಇನ್ನೊಬ್ಬರು ಸುಳ್ಯದ ಆಚೆ ಗುತ್ತಿಗಾರಿನ ಕೃಷಿಕ ಕುಶಾಲಪ್ಪ ಗೌಡರು. ಗೌಡರಿಗೆ ಅರೆಭಾಷೆ, ತುಳು, ಕನ್ನಡ, ಮಲಯಾಳ ನಾಲ್ಕೂ ಬರುತ್ತವೆ; ಇಂಗ್ಲಿಷ್ ಬಾರದು. ನನಗೆ ಇಂಗ್ಲಿಷ್ ಬರುತ್ತದೆ, ಕೃಷಿ ಬಾರದು. ಇಬ್ಬರನ್ನೂ ಕೂಡಿಸಿದರೆ ಒಬ್ಬ ಪೂರ್ಣ ಪ್ರತಿನಿಧಿ ಆಗುತ್ತಿದ್ದ.

ವಿಮಾನದಿಂದ ಇಳಿದ ಕೂಡಲೇ ಸುಂಕದ ಅಧಿಕಾರಿಯೊಬ್ಬರು ಗೌಡರ ಚೀಲದಲ್ಲಿದ್ದ ಅಡಿಕೆಯನ್ನು ಎತ್ತಿ ಹಿಡಿದು, ಇದೇನು, ಯಾವ ಯಂತ್ರದ ಭಾಗ ಎಂದು ಕೇಳಿದರು. ನಾನು ವಿವರಣೆಗೆ ಮಾತು ಜೋಡಿಸುತ್ತಿರುವಾಗಲೇ ಗೌಡರು, “ಹೇಳಿದ್ರೆ ಎಂತ ಗೊತ್ತಾಗ್ತದೆ, ತೋರಿಸುದೇ ಒಳ್ಳೆದು” ಎಂದು ಬಾಡಿದ ವೀಳ್ಯದೆಲೆಗೆ ಸುಣ್ಣ ಹಚ್ಚಿ ಅಡಿಕೆಯೊಂದಿಗೆ ಬಾಯಿಗೆ ಹಾಕಿಕೊಂಡು ಜಗಿದು, ಸಾಕ್ಷ್ಯವಾಗಿ ಬಾಯಿ ತೆರೆದರು. ಆ ಕೆಂಪನ್ನು ಕಂಡ ಅಧಿಕಾರಿ ಕುರ್ಚಿ ತಂದು ಗೌಡರನ್ನು ಬಲವಂತವಾಗಿ ಕೂರಿಸಿ ದಾದಿಯನ್ನು ಕರೆಸಿದರು. ದಾದಿ ಅವರ ನಾಲಿಗೆಯನ್ನು ಎರಡು ಸಲ ಒರೆಸಿ ನೋಡಿ, ಗಾಯವಿಲ್ಲವೆಂದು ಖಚಿತವಾದ ಮೇಲೆ ಕೈ ಕುಲುಕಿ ಕಳುಹಿಸಿದಳು. “ಪಾಪ, ಒಳ್ಳೆ ಮಕ್ಕಳು ಮಾರಾಯ್ರೆ” ಎಂದರು ಗೌಡರು. ಆ ದೇಶದ ಬಗ್ಗೆ ಅವರ ಮೊದಲ ಅಭಿಪ್ರಾಯ ಅದು; ಕೊನೆಯದೂ ಅದೇ.

ಅಯೋವಾ ಎಂಬ ಪ್ರಾಂತ್ಯದ ಒಂದು ಹೊಲದ ಮನೆಯಲ್ಲಿ ನಮಗೆ ಆರು ವಾರದ ವಾಸ. ಯಜಮಾನ ವಾಲ್ಟರ್, ಆತನ ಹೆಂಡತಿ ಎಡ್ನಾ, ಒಬ್ಬನೇ ಮಗ ರಾಯ್. ಮೂವತ್ತು ಕರೆಯುವ ಹಸುಗಳು, ಕಣ್ಣು ಹಾಯುವಷ್ಟು ಮೆಕ್ಕೆಜೋಳ, ಕೂಲಿಯಾಳು ಒಬ್ಬನೂ ಇಲ್ಲ. ಊಟವಾದ ಮೇಲೆ ಯಜಮಾನನೇ ಪಾತ್ರೆ ತೊಳೆಯಲು ನಿಂತದ್ದನ್ನು ಕಂಡು ಗೌಡರು ತಲೆ ತಗ್ಗಿಸಿ, “ಇದು ಊರಿನಲ್ಲಿ ಹೇಳ್ಬೇಡಿ ಮಾಷ್ಟ್ರೆ. ನನ್ನ ಮನೆಯವಳಿಗೆ ಗೊತ್ತಾದ್ರೆ ಕಷ್ಟ ಉಂಟು” ಎಂದು ಕಿವಿಯಲ್ಲಿ ಹೇಳಿದರು. ಗೌಡರ ಕ್ಷಮೆ ಕೋರಿ ಇದನ್ನು ಬರೆದಿದ್ದೇನೆ. ಸುಧಾರಣೆ ಎಲ್ಲಿಂದಾದರೂ ಪ್ರಾರಂಭವಾಗಬೇಕಲ್ಲ.

ಕ್ಷೌರದಂಗಡಿ

ಆ ಊರಿನ ಚಾವಡಿಯೆಂದರೆ ಕ್ಷೌರದಂಗಡಿ. ಅಲ್ಲಿ ಬ್ಯಾಂಕಿನವನೂ ಪಾದ್ರಿಯೂ ಸರದಿಗೆ ಕಾದು ಕೂರುತ್ತಾರೆ. ಕ್ಷೌರ ಮಾಡುವ ಆರ್ಥರನು ಊರ ಸಭೆಯಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಕೂರುತ್ತಾನೆ. ನಮ್ಮ ಪೇಟೆಗಳಲ್ಲಿ ಈ ದೃಶ್ಯ ಕಾಣಲು ಇನ್ನೆಷ್ಟು ಭಾಷಣ ಮಾಡಬೇಕಾದೀತು ಎಂದು ನಾನು ಲೆಕ್ಕ ಹಾಕುತ್ತಿದ್ದಾಗ, ಅಲ್ಲಿ ನಡೆಯುತ್ತಿದ್ದ ವಾದ ಕಿವಿಗೆ ಬಿತ್ತು. ವಿಷಯ: ನಿಜವಾಗಿ ದೊಡ್ಡ ಕ್ವಾರ್ಟರ್‌ಬ್ಯಾಕ್ ಯಾರು?

ಓದುಗರಿಗೆ ಆಟವನ್ನು ಸ್ವಲ್ಪ ಹೇಳಬೇಕು. ಹೆಸರು ಕಾಲ್ಚೆಂಡು, ಆದರೆ ಕಾಲು ಚೆಂಡಿಗೆ ತಗಲುವುದೇ ಅಪರೂಪ. ಚೆಂಡು ಸಿಪ್ಪೆ ಸುಲಿಯದ ಸಣ್ಣ ತೆಂಗಿನಕಾಯಿಯ ಆಕಾರ. ಕಡೆಗೆ ಹನ್ನೊಂದು ಜನ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಯತ್ನ. ಹೀಗೆ ಎದುರಾಳಿಯ ಕೊನೆಯ ಗೆರೆ ದಾಟಿದರೆ ಆರು ಅಂಕ; ಬಳಿಕ ಚೆಂಡನ್ನು ಎರಡು ಕಂಬಗಳ ನಡುವೆ ಒದ್ದರೆ ಇನ್ನೊಂದು. ಪ್ರತಿ ಯತ್ನಕ್ಕೆ ಮೊದಲು ಹನ್ನೊಂದು ಜನ ತಲೆಗೆ ತಲೆ ತಾಗುವಂತೆ ವರ್ತುಲವಾಗಿ ಬಾಗಿ ನಿಲ್ಲುತ್ತಾರೆ. ಅದರ ಮಧ್ಯದಲ್ಲಿ ಒಬ್ಬನೇ ಮಾತಾಡುತ್ತಾನೆ: ನೀನು ಇತ್ತ ಓಡು, ನೀನು ಅವನನ್ನು ತಡೆ. ಆ ಒಬ್ಬ ಕ್ವಾರ್ಟರ್‌ಬ್ಯಾಕ್. ಬಳಿಕ ನಡುವಿನವನು ಕಾಲುಗಳ ಸಂದಿಯಿಂದ ಚೆಂಡನ್ನು ಅವನ ಕೈಗೆ ಕೊಡುತ್ತಾನೆ. ಅವನನ್ನು ನೆಲಕ್ಕೆ ಕೆಡವಲು ಎದುರಾಳಿಗಳು ನುಗ್ಗುತ್ತಾರೆ. ಅವನು ಎರಡು ಮೂರು ಕ್ಷಣದಲ್ಲಿ ಚೆಂಡನ್ನು ಯಾರಿಗಾದರೂ ಕೊಡಬೇಕು, ಇಲ್ಲವೇ ದೂರಕ್ಕೆ ಎಸೆಯಬೇಕು.

“ತೋಳು” ಎಂದ ಬ್ಯಾಂಕಿನವನು. “ಐವತ್ತು ಗಜ ಎಸೆಯಲಾರದವನು ಎಷ್ಟು ಜಾಣನಾದರೇನು?”

“ಹಾಗಾದರೆ ಒಂದು ಎತ್ತನ್ನೇ ನಿಲ್ಲಿಸು” ಎಂದರು ಪಾದ್ರಿ. “ಬೇಕಾದ್ದು ತಣ್ಣಗಿನ ತಲೆ.”

ಆರ್ಥರನು ಕತ್ತರಿ ನಿಲ್ಲಿಸಿ, “ನನ್ನ ಮಗ ಬಿಲ್ ಎರಡನೆಯ ಕ್ವಾರ್ಟರ್‌ಬ್ಯಾಕ್, ರಾಯ್ ಇರುವವರೆಗೆ ಬೆಂಚು ಕಾಯುವುದೇ ಅವನ ಕೆಲಸ. ಆದ್ದರಿಂದ ನಾನು ನಿಷ್ಪಕ್ಷಪಾತಿ” ಎಂದ. ಎಲ್ಲರೂ ನಕ್ಕರು. “ಉಳಿದ ಹತ್ತು ಜನ ಅವನ ಮಾತನ್ನು ನಂಬುತ್ತಾರೋ ಇಲ್ಲವೋ, ಅಷ್ಟೇ ನೋಡಿ. ನಂಬದಿದ್ದರೆ ತೋಳೂ ದಂಡ, ತಲೆಯೂ ದಂಡ.”

ಅಷ್ಟರಲ್ಲಿ ಗೌಡರ ತಲೆ ಅರ್ಧ ಬೋಳಾಗಿತ್ತು. ನಾನು ವಾದ ಕೇಳುವುದರಲ್ಲಿ ಮುಳುಗಿ, ಗೌಡರಿಗೆ ಎಷ್ಟು ಕೂದಲು ತೆಗೆಯಬೇಕೆಂಬುದನ್ನು ಅನುವಾದಿಸಲು ಮರೆತಿದ್ದೆ.

ಆಟದ ಬಯಲು

ರಾಯ್ ಆ ಶಾಲೆಯ ಮೊದಲ ಕ್ವಾರ್ಟರ್‌ಬ್ಯಾಕ್. ಶಾಲೆಯ ಗಣಿತದ ಮಾಸ್ತರರೇ ತಂಡದ ತರಬೇತುದಾರರು. ಸಂಜೆಯ ಅಭ್ಯಾಸ ನೋಡಲು ಹೋದ ನನಗೆ ಅವರು ಒಂದು ಸೂಕ್ಷ್ಮ ತೋರಿಸಿದರು. ರಾಯ್ ಚೆಂಡನ್ನು ಯಾರೂ ಇಲ್ಲದ ಜಾಗಕ್ಕೆ ಎಸೆಯುತ್ತಾನೆ. ಚೆಂಡು ಅಲ್ಲಿಗೆ ಮುಟ್ಟುವ ಹೊತ್ತಿಗೆ ತಂಡದವನೊಬ್ಬ ಓಡಿ ಬಂದು ಅದನ್ನು ಹಿಡಿದಿರುತ್ತಾನೆ. “ಓಡುವವನು ಹಿಂದಿರುಗಿ ನೋಡುವುದಿಲ್ಲ, ಗಮನಿಸಿದಿರಾ?” ಎಂದರು. “ಚೆಂಡು ಬಂದೇ ಬರುತ್ತದೆಂದು ಅವನಿಗೆ ಗೊತ್ತು.”

ಗೌಡರು ಮೆಚ್ಚಿದ್ದು ಬೇರೆ. ನಾಲ್ಕು ದಾಂಡಿಗರು ಮೇಲೆ ಬೀಳುತ್ತಿರುವಾಗ ರಾಯ್ ಒಂದು ಹೆಜ್ಜೆ ಹಿಂದೆ ಸರಿದು, ಅಲ್ಲೇ ನಿಂತು, ಎಸೆದ ಮೇಲೆಯೇ ಬಿದ್ದ. “ಓಡ್ಲಿಕ್ಕೆ ಯಾರಿಗೂ ಆಗ್ತದೆ ಮಾಷ್ಟ್ರೆ. ನಿಲ್ಲುದು ಕಷ್ಟ” ಎಂದರು.

ರಾಯ್‌ನ ಮುಂದೆ ಒಂದು ದೊಡ್ಡ ಶನಿವಾರ ಬರಲಿತ್ತು. ಋತುವಿನ ಕೊನೆಯ ಪಂದ್ಯ ನೋಡಲು ಪ್ರಾಂತ್ಯದ ಒಂದು ಕಾಲೇಜಿನಿಂದ ಆಟಗಾರರನ್ನು ಆರಿಸುವವನು ಬರಲಿದ್ದ. ಅವನ ಕಣ್ಣಿಗೆ ಬಿದ್ದರೆ ಓದು, ವಸತಿ, ಊಟ ಎಲ್ಲವೂ ಕಾಲೇಜಿನದು. ಬೀಳದಿದ್ದರೆ ರಾಯ್ ಓದು ನಿಲ್ಲಿಸಬೇಕು. ಅವನನ್ನು ಕಾಲೇಜಿಗೆ ಕಳುಹಿಸುವ ಶಕ್ತಿ ವಾಲ್ಟರನಿಗಿರಲಿಲ್ಲ. ವಾಲ್ಟರ್ ಎಂಟನೆಯ ತರಗತಿಗೆ ಶಾಲೆ ಬಿಟ್ಟವನು. ಮಗನ ವಿಷಯ ಬಂದಾಗಲೆಲ್ಲ ಅವನು ಕ್ಯಾಲೆಂಡರಿನ ಆ ಶನಿವಾರದ ಮೇಲೆ ಬೆರಳಿಡುತ್ತಿದ್ದ. ಆ ಚೌಕ ಬೆರಳಿನ ಎಣ್ಣೆಯಿಂದ ಮಾಸಿ ಹೋಗಿತ್ತು.

ಊಟದ ಮೇಜು

ಅಲ್ಲಿ ಊಟಕ್ಕೆ ಕುಳಿತವರೇ ಪಾತ್ರೆಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಮೂರನೆಯ ವಾರದ ಒಂದು ದಿನ ರಾಯ್ ಬೇಯಿಸಿದ ಆಲೂಗಡ್ಡೆಯ ಬೋಗುಣಿಯನ್ನು ಗೌಡರಿಗೆ ಎಡಗೈಯಲ್ಲಿ ಚಾಚಿದ. ಗೌಡರು ಒಂದು ಕ್ಷಣ ತಡೆದು ತೆಗೆದುಕೊಂಡರು. ಮರುದಿನ ರೊಟ್ಟಿಯೂ ಎಡಗೈಯಲ್ಲೇ ಬಂತು; ನೀರಿನ ಲೋಟವೂ ಹಾಗೆಯೇ.

“ಎಂತ ಮಾಷ್ಟ್ರೆ ಇದು? ಮೊದಲು ಸರಿ ಇದ್ದ ಹುಡುಗ. ನಮ್ಮಿಂದ ಎಂತಾದ್ರೂ ತಪ್ಪಾಯ್ತಾ?”

“ಇವರಲ್ಲಿ ಎಡ ಬಲ ಎಂಬ ಭೇದ ಇಲ್ಲ ಗೌಡ್ರೆ” ಎಂದೆ ನಾನು, ಸುಧಾರಕನ ಧಾಟಿಯಲ್ಲಿ.

“ಭೇದ ಇಲ್ಲದಿದ್ರೆ ಒಂದು ಸಲವಾದ್ರೂ ಬಲಗೈ ಬರ್ಬೇಕಲ್ಲ? ಅಪ್ಪನಿಗೆ ಕೊಡುವಾಗ್ಲೂ ಎಡಗೈಯೇ. ನಾನು ನಾಲ್ಕು ದಿನದಿಂದ ನೋಡ್ತಾ ಇದ್ದೇನೆ.”

ನಾನು ವಿಚಾರವಾದಿ, ಕೈಯಲ್ಲಿ ಶುಭಾಶುಭ ಕಾಣುವವನಲ್ಲ. ಆದರೂ ನಿಜ ಹೇಳುವುದಾದರೆ ಆ ಎಡಗೈ ನನ್ನ ಮನಸ್ಸಿಗೂ ಮುಳ್ಳಾಗಿತ್ತು. ಪರಸ್ಪರ ತಿಳುವಳಿಕೆಗೆಂದೇ ಬಂದ ಮೇಲೆ ನಮ್ಮ ರೂಢಿಯನ್ನು ವಿನಯದಿಂದ ತಿಳಿಸುವುದರಲ್ಲಿ ತಪ್ಪಿಲ್ಲವೆಂದು ನಿಶ್ಚಯಿಸಿ, ಮರುದಿನ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಗೌಡರೊಂದಿಗೆ ಕೊಟ್ಟಿಗೆಗೆ ಹೋದೆ.

ಕೊಟ್ಟಿಗೆ

ರಾಯ್ ಹಾಲಿನ ಪಾತ್ರೆಯನ್ನು ಎತ್ತಿ ಇಡುತ್ತಿದ್ದ; ಎಡಗೈಯಲ್ಲಿ. ನಾನು ಗಂಟಲು ಸರಿಪಡಿಸಿಕೊಂಡು, ನಮ್ಮ ನಾಡಿನಲ್ಲಿ ಬಲಗೈಗೆ ಕೊಡುವ ಮರ್ಯಾದೆ, ಎಡಗೈಯಿಂದ ಕೊಟ್ಟದ್ದನ್ನು ಹಿರಿಯರು ಏಕೆ ಸ್ವೀಕರಿಸುವುದಿಲ್ಲ ಎಂಬುದನ್ನು ಪೀಠಿಕೆ ಸಹಿತ ವಿವರಿಸಿದೆ. ಅವನು ನಗುತ್ತಾ ಕ್ಷಮೆ ಕೇಳುತ್ತಾನೆಂದು ಎಣಿಸಿದ್ದೆ. ಅವನ ಮುಖ ಬಿಳಿಚಿತು.

“ನಿಮಗೆ ಹೇಗೆ ಗೊತ್ತಾಯಿತು?” ಎಂದ. “ಅಮ್ಮನಿಗೇ ಗೊತ್ತಾಗಿಲ್ಲ. ಕೋಚ್‌ಗೂ ಗೊತ್ತಿಲ್ಲ.”

ಆಮೇಲೆ ಎಲ್ಲವನ್ನೂ ಹೇಳಿದ. ಒಂದು ವಾರದ ಹಿಂದೆ ಜೋಳದ ಗಾಡಿಯ ಮೇಲಿಂದ ಜಾರಿ ಬಲ ಭುಜದ ಮೇಲೆ ಬಿದ್ದಿದ್ದ. ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಶನಿವಾರಕ್ಕಾಗಿ ತೋಳಿಗೆ ವಿಶ್ರಾಂತಿ ಕೊಡುತ್ತಿದ್ದೇನೆಂದು ಕೋಚ್‌ಗೆ ಹೇಳಿ, ಅಭ್ಯಾಸದಲ್ಲಿ ಚೆಂಡು ಎಸೆಯದೆ ದಿನ ದೂಡಿದ್ದ. ಎರಡೂ ಕೈಯನ್ನು ಸಮವಾಗಿ ಕಾಣುವ ಜನರ ನಡುವೆ ಆ ಗುಟ್ಟು ಸುರಕ್ಷಿತವಾಗಿತ್ತು. ಎಡಗೈಗೆ ಬೇಸರಿಸುವ ಇಬ್ಬರು ದೂರದ ಅತಿಥಿಗಳ ಕಣ್ಣಿಗೆ ಮಾತ್ರ ಅದು ಬಿದ್ದುಬಿಟ್ಟಿತ್ತು.

“ದಯವಿಟ್ಟು ಅಪ್ಪನಿಗೆ ಹೇಳಬೇಡಿ. ಶನಿವಾರ ಒಂದೇ ಒಂದು ದಿನ. ಆಮೇಲೆ ತೋಳು ಬಿದ್ದು ಹೋದರೂ ಚಿಂತೆಯಿಲ್ಲ.”

ನಾನು ಸತ್ಯದ ಮಹತ್ವವನ್ನು ಕುರಿತು ಮೂರು ಅಂಶಗಳನ್ನು ಮುಂದಿಟ್ಟೆ. ಅವನು ಮೂರಕ್ಕೂ ಉತ್ತರ ಕೊಟ್ಟ: ಸುಳ್ಳು ಹೇಳಿದ್ದು ತನಗಾಗಿ ಅಲ್ಲ, ತಂದೆಯ ಆಸೆಗಾಗಿ, ತಾನಿಲ್ಲದಿದ್ದರೆ ತಂಡಕ್ಕೂ ನಷ್ಟ, ಎಸೆಯದೆಯೂ ಗೆಲ್ಲುವ ದಾರಿಗಳಿವೆ. ವಾದದ ದೃಷ್ಟಿಯಿಂದ ಅವನೇ ಮೇಲಾದ. ಗೌಡರು ನನ್ನ ತೋಳು ಹಿಡಿದು, “ಸ್ವಲ್ಪ ನಿಲ್ಲಿ. ನಾನು ಹೇಳಿದ್ದನ್ನು ಹಾಗೆಯೇ ಹೇಳಿ, ನಿಮ್ಮದು ಸೇರಿಸ್ಬೇಡಿ” ಎಂದರು.

“ನಮ್ಮಲ್ಲಿ ಆನೆ ತೋಟಕ್ಕೆ ಇಳಿಯುದುಂಟು. ಸಂಜೆಯ ಹೊತ್ತಿಗೆ ಏಳೆಂಟು ಜನ ಸೇರಿ ಓಡಿಸ್ಲಿಕ್ಕೆ ಹೋಗುದು. ಒಬ್ಬ ಒಣಗರಿಯ ಉರಿಯುವ ಸೂಟೆ ಹಿಡ್ಕೊಂಡು ಎದುರು ನಿಲ್ಬೇಕು. ಆನೆ ತಿರುಗ್ತದಾ, ಮೇಲೆ ಬರ್ತದಾ, ಅವನಿಗೇ ಮೊದಲು ಗೊತ್ತಾಗುದು. ಅವ ‘ಈಗ’ ಹೇಳಿದ್ರೆ ಎಲ್ಲರೂ ಓಡುದು. ಅವ ಹೇಳುವವರೆಗೆ ಯಾರೂ ನಿಂತಲ್ಲಿಂದ ಹಂದುದಿಲ್ಲ. ಒಂದು ವರ್ಷ ಆ ಎದುರು ನಿಂತವ ನಾನು. ಹಿಂದಿನ ದಿನ ನನ್ನ ಕಾಲು ಉಳುಕಿತ್ತು. ಹೇಳ್ಲಿಲ್ಲ. ನಾನಲ್ಲದೆ ಯಾರು ನಿಲ್ಲುದು ಅಂತ ಒಂದು ಜಂಬ. ಆನೆ ಮೇಲೆ ಬಂತು. ‘ಈಗ’ ಹೇಳಿದೆ. ಎಲ್ಲರೂ ಓಡಿದ್ರು, ನನಗೆ ಓಡ್ಲಿಕ್ಕೆ ಆಗ್ಲಿಲ್ಲ. ನನ್ನ ತಮ್ಮ ತಿರುಗಿ ಬಂದ, ನನ್ನನ್ನು ಎಳೆದು ಹಾಕಿದ. ಎಳೆಯುವಾಗ ಅವ ಬಿದ್ದು ಕಾಲು ಮುರಿದುಕೊಂಡ.” ಗೌಡರು ಸ್ವಲ್ಪ ಹೊತ್ತು ಹಸುವಿನ ಬೆನ್ನು ನೇವರಿಸಿದರು. “ನನ್ನ ಕಾಲು ಎಂಟು ದಿನದಲ್ಲಿ ಸರಿ ಆಯ್ತು. ತಮ್ಮ ಈಗ್ಲೂ ಕುಂಟ್ತಾನೆ.”

ನಾನು ಒಂದು ಪದವನ್ನೂ ಸೇರಿಸದೆ ಅನುವಾದಿಸಿದೆ. ರಾಯ್ ಪಾತ್ರೆಯನ್ನು ಎತ್ತಿಕೊಂಡು ಹೊರಗೆ ಹೋದ.

ಉಳಿದ ಮೂರು ದಿನ ನನಗೆ ನೆಮ್ಮದಿ ಇರಲಿಲ್ಲ. ಹೇಳಿದರೆ ಹುಡುಗನ ನಂಬಿಕೆಗೆ ದ್ರೋಹ; ಹೇಳದಿದ್ದರೆ ಉಪ್ಪುಂಡ ಮನೆಗೆ ದ್ರೋಹ. ಗೌಡರು, “ಅವನೇ ಹೇಳ್ಬೇಕು ಮಾಷ್ಟ್ರೆ. ನೀವು ಹೇಳಿದ್ರೆ ಅದು ಚಾಡಿ” ಎಂದರು. ನಾನು ಬಾಯಿ ಮುಚ್ಚಿಕೊಂಡಿದ್ದೆ. ಅದು ಸರಿಯೋ ತಪ್ಪೋ ಎಂಬುದನ್ನು ಇಂದಿಗೂ ತೀರ್ಮಾನಿಸಲಾರೆ.

ಶನಿವಾರ

ಪಂದ್ಯದ ದಿನ ಊರೇ ಬಯಲಿಗೆ ಬಂದಿತ್ತು. ಮೂರನೆಯ ಸಾಲಿನಲ್ಲಿ ಬೂದು ಟೊಪ್ಪಿ ಹಾಕಿಕೊಂಡು ಪುಸ್ತಕ ಹಿಡಿದು ಕುಳಿತವನೇ ಕಾಲೇಜಿನವನೆಂದು ವಾಲ್ಟರ್ ನನಗೆ ತೋರಿಸಿದ. ರಾಯ್ ಮೈದಾನಕ್ಕೆ ಇಳಿದಾಗ ಗೌಡರು, “ಹೇಳ್ಲಿಲ್ಲ, ನೋಡಿ” ಎಂದು ನಿಟ್ಟುಸಿರು ಬಿಟ್ಟರು.

ಅರ್ಧ ಪಂದ್ಯದವರೆಗೆ ಅವನು ಒಮ್ಮೆಯೂ ಎಸೆಯಲಿಲ್ಲ. ಚೆಂಡನ್ನು ಒಬ್ಬನಿಗೆ ಕೊಟ್ಟಂತೆ ಮಾಡಿ ಇನ್ನೊಬ್ಬನಿಗೆ ಕೊಡುತ್ತಿದ್ದ. ಎದುರಾಳಿಗಳು ಬರಿಗೈಯವನನ್ನು ಬೆನ್ನಟ್ಟುತ್ತಿದ್ದರು. ನಮ್ಮ ಕಡೆ ಮುಂದಿತ್ತು. ಆದರೂ ಜನ ಗೊಣಗಿದರು: “ಎಸೆಯೋ ರಾಯ್! ತೋಳನ್ನು ಬ್ಯಾಂಕಿನಲ್ಲಿಟ್ಟು ಬಂದೆಯಾ?” ಬೂದು ಟೊಪ್ಪಿಯವನು ಪುಸ್ತಕ ಮುಚ್ಚಿ ಗಡಿಯಾರ ನೋಡಿದ. ವಾಲ್ಟರ್ ತನ್ನ ಟೊಪ್ಪಿಯನ್ನು ಹಿಂಡುತ್ತಿದ್ದ.

ವಿರಾಮದ ಬಳಿಕ ನಮ್ಮವನೊಬ್ಬ ಬಲಗಡೆ ಒಂಟಿಯಾಗಿ ಓಡಿದ. ಅವನ ಸುತ್ತ ಇಪ್ಪತ್ತು ಗಜದಲ್ಲಿ ಯಾರೂ ಇರಲಿಲ್ಲ. ಇಡೀ ಊರು ಎದ್ದು ನಿಂತಿತು. ರಾಯ್ ಎಸೆದ. ಚೆಂಡು ರೆಕ್ಕೆ ಮುರಿದ ಹಕ್ಕಿಯಂತೆ ಅರ್ಧದಲ್ಲೇ ಇಳಿಯಿತು. ಎದುರಾಳಿ ಅದನ್ನು ಹಿಡಿದು ನಮ್ಮ ಗೆರೆಯವರೆಗೂ ಓಡಿ ಅಂಕ ಸಮ ಮಾಡಿದ. ಓಡಿದ ನಮ್ಮವನು ಹಿಂದಿರುಗಿ ನೋಡಿರಲಿಲ್ಲ; ಬಾರದ ಚೆಂಡಿಗೆ ಕೈಯೊಡ್ಡಿ ಇನ್ನೂ ಓಡುತ್ತಲೇ ಇದ್ದ.

ಮುಂದಿನ ಸರದಿಯಲ್ಲಿ ರಾಯ್ ಮತ್ತೆ ಎಸೆಯಲು ಹಿಂದೆ ಸರಿದ. ಆದರೆ ಕೈ ಮೇಲೇಳಲಿಲ್ಲ. ಅವನು ತಡ ಮಾಡಿದಷ್ಟೂ ಹೊತ್ತು ನಡುವಿನ ಆಟಗಾರ ಟಾಮ್ ಇಬ್ಬರನ್ನು ಒಬ್ಬನೇ ತಡೆಯಬೇಕಾಯಿತು. ಕೊನೆಗೆ ಟಾಮ್ ಬಿದ್ದ. ಎದ್ದಾಗ ಅವನ ತುಟಿ ಹರಿದಿತ್ತು. ವರ್ತುಲದಲ್ಲಿ ಆಗ ನಡೆದ ಮಾತನ್ನು ಆಮೇಲೆ ಟಾಮನೇ ನಮಗೆ ಹೇಳಿದ. ಅವನು ರಕ್ತ ಉಗುಳಿ, “ಮುಂದೇನು, ರಾಯ್?” ಎಂದು ಕೇಳಿದನಂತೆ. ರಾಯ್ ಅವನ ಬಾಯಿಯನ್ನೇ ನೋಡುತ್ತಾ ನಿಂತು, “ನನ್ನ ತೋಳು ಹೋಗಿದೆ. ಹತ್ತು ದಿನ ಆಯಿತು. ನಿಮಗೆ ಸುಳ್ಳು ಹೇಳಿದೆ” ಎಂದನಂತೆ.

ನಾವು ಕಂಡದ್ದು ಇಷ್ಟು: ವರ್ತುಲ ಒಡೆಯಿತು, ಒಬ್ಬ ಹುಡುಗ ಶಿರಸ್ತ್ರಾಣ ತೆಗೆದು, ಊರೆಲ್ಲ ನೋಡುತ್ತಿರುವಂತೆ ಕೋಚ್ ಬಳಿಗೆ ನಡೆದ. ಅವರ ಮುಂದೆ ಏನೋ ಹೇಳಿ, ಬೆಂಚಿನಲ್ಲಿದ್ದ ಬಿಲ್‌ನ ಹೆಗಲ ಮೇಲೆ ಕೈಯಿಟ್ಟು ಅವನನ್ನು ಒಳಗೆ ಕಳುಹಿಸಿದ. ಬಿಲ್‌ಗೆ ಹದಿನಾರು ವರ್ಷ. ಭಯದಿಂದ ಮೊದಲ ಚೆಂಡನ್ನೇ ಕೈಬಿಟ್ಟ. ಬೂದು ಟೊಪ್ಪಿಯವನು ಎದ್ದು ಹೋದ. ಅವನ ಬೆನ್ನು ಬಯಲಿನ ಬಾಗಿಲಲ್ಲಿ ಮರೆಯಾಗುವವರೆಗೂ ವಾಲ್ಟರ್ ನೋಡಿದ. ಮೈದಾನದ ಕಡೆಗೆ ಆಮೇಲೆ ನೋಡಲೇ ಇಲ್ಲ.

ಓದುಗರೇ, ನಾನು ನೋಡಿದೆ. ಎದುರಾಳಿಗಳು ಇನ್ನೊಮ್ಮೆ ಅಂಕ ಗಳಿಸಿ ಮುಂದೆ ಹೋದರು. ಆಟ ನಿಂತಾಗಲೆಲ್ಲ ಬಿಲ್ ಗೆರೆಯ ಬಳಿಗೆ ಓಡಿ ಬರುತ್ತಿದ್ದ; ರಾಯ್ ಮೊಣಕಾಲೂರಿ ಕುಳಿತು ಕೆಸರಿನಲ್ಲಿ ಬೆರಳಿನಿಂದ ಗೆರೆ ಎಳೆದು ತೋರಿಸುತ್ತಿದ್ದ. ತನ್ನ ಭವಿಷ್ಯ ಬಾಗಿಲು ದಾಟಿ ಹೋದ ಅರ್ಧ ಗಳಿಗೆಯಲ್ಲಿ ಮನುಷ್ಯನೊಬ್ಬ ಇನ್ನೊಬ್ಬನಿಗೆ ಇಷ್ಟು ಶ್ರದ್ಧೆಯಿಂದ ಪಾಠ ಹೇಳಿದ್ದನ್ನು ನನ್ನ ಮಾಸ್ತರಿಕೆಯ ಇಷ್ಟು ವರ್ಷಗಳಲ್ಲಿ ಕಂಡಿಲ್ಲ. ಕೊನೆಯ ನಿಮಿಷದಲ್ಲಿ ಬಿಲ್ ಯಾರೂ ಇಲ್ಲದ ಜಾಗಕ್ಕೆ ಚೆಂಡು ಎಸೆದ. ಒಬ್ಬ ಓಡಿ ಬಂದು ಹಿಡಿದು ಗೆರೆ ದಾಟಿದ. ಬಳಿಕದ ಒಂದು ಅಂಕದ ಒದೆತ ಮಾತ್ರ ಕಂಬದ ಹೊರಗೆ ಹೋಯಿತು. ಒಂದು ಅಂಕದಿಂದ ಸೋತೆವು.

ಊರು ಅವನನ್ನು ಮುದ್ದಿಸಲಿಲ್ಲ. ಮೊದಲೇ ಹೇಳಿದ್ದರೆ ಗೆಲ್ಲುತ್ತಿದ್ದೆವು ಎಂದು ಬ್ಯಾಂಕಿನವನು ಅವನಿಗೆ ಕೇಳಿಸುವಂತೆಯೇ ಹೇಳಿದ. “ನಿಜ” ಎಂದ ರಾಯ್. ಮನೆಯಲ್ಲಿ ವಾಲ್ಟರ್ ಒಂದೇ ಪ್ರಶ್ನೆ ಕೇಳಿದ: “ಹತ್ತು ದಿನ ನನ್ನೆದುರು ಕೂತು ಊಟ ಮಾಡಿದೆ, ಅಲ್ಲವೇ?” ಉತ್ತರಕ್ಕೆ ಕಾಯದೆ ಎದ್ದು ಹೋದ. ನನಗೂ ಗೊತ್ತಿತ್ತೆಂದು ನಾನು ಒಪ್ಪಿಕೊಂಡಾಗ ಎಡ್ನಾ, “ನಿಮಗೆ ಕಂಡದ್ದು ನನಗೆ ಕಾಣಲಿಲ್ಲವಲ್ಲ” ಎಂದು ಕಣ್ಣೊರೆಸಿಕೊಂಡಳು.

ಭಾನುವಾರ

ಡಾಕ್ಟರರು ರಾಯ್‌ನ ತೋಳನ್ನು ಬಟ್ಟೆಯ ಜೋಲಿಯಲ್ಲಿ ಕಟ್ಟಿ, ಎರಡು ತಿಂಗಳು ಏನನ್ನೂ ಎತ್ತಬಾರದೆಂದು ಹೇಳಿದ್ದರು. ಜೋಳದ ಕೊಯ್ಲು ಅರ್ಧ ಉಳಿದಿತ್ತು. ಮಳೆಯ ಮೋಡ ಕಟ್ಟಿತ್ತು. ವಾಲ್ಟರ್ ಬೆಳಗಿನಿಂದ ಯಾರೊಡನೆಯೂ ಮಾತಾಡದೆ ಒಬ್ಬನೇ ಗಾಡಿಯಿಂದ ಜೋಳ ಇಳಿಸುತ್ತಿದ್ದ. ಗೌಡರು ಕೇಳದೆಯೇ ಹೋಗಿ ಗಾಡಿಯ ಇನ್ನೊಂದು ತುದಿಯಲ್ಲಿ ಸಲಿಕೆ ಹಿಡಿದರು. ನಾನೂ ಹಿಡಿದೆ, ಸಲಿಕೆ ನನ್ನನ್ನು ಹಿಡಿಯಿತು.

ಚರ್ಚಿನ ಗಂಟೆ ನಿಂತ ಸ್ವಲ್ಪ ಹೊತ್ತಿಗೆ ಎರಡು ಹಳೆಯ ಕಾರುಗಳು ಅಂಗಳಕ್ಕೆ ಬಂದವು. ಹೊಲಿಗೆ ಹಾಕಿದ ತುಟಿಯ ಟಾಮ್ ಮೊದಲು ಇಳಿದ. ಅವನ ಹಿಂದೆ ಬಿಲ್, ಮತ್ತೆ ಉಳಿದವರು. ಒಟ್ಟು ಹತ್ತು ಜನ. ಕರೆಯದೆ ಬಂದವರನ್ನು ನೋಡುತ್ತಾ ರಾಯ್ ಬೇಲಿಯ ಬಳಿ ನಿಂತೇ ಇದ್ದ.

“ನಿನ್ನೆಯ ಸಿಟ್ಟು ಹೋಗಿದೆ ಅಂದುಕೊಳ್ಳಬೇಡ” ಎಂದ ಟಾಮ್. “ನನಗೆ ಸೂಪು ಮಾತ್ರ ಕುಡಿಯಲು ಆಗುತ್ತಿದೆ. ಈಗ ಹೇಳು, ಯಾರು ಎಲ್ಲಿಗೆ?”

ಅವರು ರೂಢಿಬಲದಿಂದ ಅವನ ಸುತ್ತ ವರ್ತುಲವಾಗಿ ಬಾಗಿದರು. ರಾಯ್ ಮೊದಲು ತಡವರಿಸಿದ. ಆಮೇಲೆ ಅವನ ದನಿ ಸ್ಥಿರವಾಯಿತು: ಇಬ್ಬರು ಹಸುಗಳಿಗೆ, ನಾಲ್ವರು ಹೊಲಕ್ಕೆ, ಬಿಲ್ ಟ್ರ್ಯಾಕ್ಟರಿಗೆ, ಉಳಿದವರು ಕಣಜಕ್ಕೆ. ಗೌಡರು ನನ್ನ ಕಡೆ ತಿರುಗಿ ತಲೆದೂಗಿದರು. ಅವರಿಗೆ ಅನುವಾದ ಬೇಕಾಗಲಿಲ್ಲ.

ವಾಲ್ಟರ್ ಸಲಿಕೆಯನ್ನು ಗಾಡಿಗೆ ಒರಗಿಸಿ ಇಳಿದ. ಅಂಗಳ ದಾಟಿ ಬಂದು ಟಾಮ್ ಮತ್ತು ಬಿಲ್ ನಡುವೆ ಜಾಗ ಮಾಡಿಕೊಂಡು, ಹುಡುಗರಂತೆಯೇ ಮೊಣಕಾಲ ಮೇಲೆ ಕೈಯೂರಿ ಬಾಗಿದ. ಅವನ ಬೆನ್ನು ಅಷ್ಟು ಸುಲಭವಾಗಿ ಬಾಗುವ ವಯಸ್ಸು ದಾಟಿತ್ತು.

“ಮತ್ತೆ ನಾನು ಎಲ್ಲಿಗೆ?” ಎಂದು ಅವನು ಮಗನನ್ನು ಕೇಳಿದ.